ಐದು ಸಾವಿರಕ್ಕೆ ಹದಿಮೂರು ತಿಂಗಳು

ಚೊಚ್ಚಲ ಬಸುರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃವಂದನಾ ಹಣದಲ್ಲಿ ಎರಡನೇ ಕಂತಿನ ಎರಡು ಸಾವಿರ ರೂಪಾಯಿ ಮೊನ್ನೆ ಖಾತೆಗೆ ಬಿತ್ತು. ಮೆಸೇಜ್ ಬಂದಾಗ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಕೈ ಒರೆಸಿಕೊಂಡು ನೋಡಿ, ನಂಬಿಕೆಯಾಗದೆ ಇನ್ನೊಮ್ಮೆ ನೋಡಿ, ಯಜಮಾನರಿಗೆ ಫೋನ್ ಮಾಡಿದೆ. ಅವರ ಮೊದಲ ಮಾತೇ "ಯಾವ ಖಾತೆಗೆ?" ಅಂತ. ಆ ಪ್ರಶ್ನೆ ಯಾಕೆ ಬಂತು ಅಂತ ಮುಂದೆ ಹೇಳ್ತೀನಿ. 2024ರ ನವೆಂಬರಿನಲ್ಲಿ ಶುರುವಾದ ಓಡಾಟ 2025ರ ಡಿಸೆಂಬರಿನಲ್ಲಿ ಮುಗಿಯಿತು. ನನ್ನ ಹಿಂದೆಯೇ ಬರುತ್ತಿರುವ ಬಸುರಿಯರಿಗೆ ಒಂದೆರಡು ಸುತ್ತಾದರೂ ಕಡಿಮೆಯಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಮೈಸೂರು ಜಿಲ್ಲೆಯ ಒಂದು ಹಳ್ಳಿ. ನಾನು ಬಿ.ಕಾಂ. ಓದಿದವಳು, ಮದುವೆಗೆ ಮುಂಚೆ ಎರಡು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿದ್ದೆ. ಫಾರಂ ಕಂಡರೆ ಹೆದರುವವಳಲ್ಲ. ಅತ್ತೆ ತಿ. ನರಸೀಪುರ ತಾಲೂಕಿನವರು. 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಅಂಗನವಾಡಿ ಬಾಗಿಲು ತೆರೆದದ್ದು ಆ ತಾಲೂಕಿನಲ್ಲೇ, ನೂರು ಕೇಂದ್ರಗಳು. ಅಲ್ಲಿ ಊಟ ಮಾಡಿ ಬೆಳೆದವರು ಅತ್ತೆ. ನಾನು ದಾಖಲೆಗಳ ಕವರು ಹಿಡಿದು ಹೊರಟಾಗಲೆಲ್ಲ "ನಮ್ ಕಾಲ್ದಲ್ಲಿ ಒಂದು ತಟ್ಟೆ ಹಿಡ್ಕೊಂಡು ಹೋದ್ರೆ ಸಾಕಿತ್ತು ಕಣವ್ವ" ಅನ್ನೋರು.

ನವೆಂಬರಿನಲ್ಲಿ ನಮ್ಮೂರ ಆಶಾ ಕಾರ್ಯಕರ್ತೆ, ನಾವೆಲ್ಲ ಕರೆಯುವ ಆಶಾ ಅಕ್ಕ, ಹೆಸರು ಬರೆದುಕೊಂಡರು, ಉಪಕೇಂದ್ರದಲ್ಲಿ ತೂಕ, ರಕ್ತ, ಬಿಪಿ ನೋಡಿ ತಾಯಿ ಕಾರ್ಡ್ ಕೊಟ್ಟರು. ಅದೇ ದಿನಗಳಲ್ಲಿ ಟಿವಿ ಹಾಕಿದರೆ ಬಳ್ಳಾರಿಯ ಬಾಣಂತಿಯರ ಸಾವಿನ ಸುದ್ದಿ. ಅತ್ತೆ ಟಿವಿ ಆರಿಸಿಬಿಡೋರು. ರಾತ್ರಿ ನಾನು ಮೊಬೈಲಿನಲ್ಲಿ ಅದನ್ನೇ ಹುಡುಕಿ ಓದುತ್ತಿದ್ದೆ. ಭಯದ ವಿಷಯ ಇಷ್ಟೇ ಸಾಕು.

ಅಂಗನವಾಡಿಯಲ್ಲಿ ನನಗೆ ಸಿಗಬೇಕಾದ್ದು ಎರಡು. ಒಂದು ಮಾತೃಪೂರ್ಣ, ಮಧ್ಯಾಹ್ನದ ಬಿಸಿಯೂಟ. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಿಂದ ರಾಜ್ಯವೆಲ್ಲಾ ಜಾರಿ ಮಾಡಿದ್ದು. ಇನ್ನೊಂದು ಪ್ರಧಾನಮಂತ್ರಿ ಮಾತೃವಂದನಾ, ಮೊದಲ ಮಗುವಿಗೆ ಐದು ಸಾವಿರ ರೂಪಾಯಿ. ಊಟಕ್ಕೆ ಹೆಸರು ಬರೆಸಿದರೆ ಸಾಕು, ಮಾರನೇ ದಿನದಿಂದಲೇ ಹೋಗಬಹುದು. ದುಡ್ಡಿಗೆ ಹಾಗಲ್ಲ.

ನನ್ನ ಅಕ್ಕನ ಕಥೆ ಬೇರೆ. ಅವಳಿಗೆ 2019ರಲ್ಲಿ ಹೆರಿಗೆಯಾದಾಗ ಮಾತೃಶ್ರೀ ಅಂತ ರಾಜ್ಯದ್ದೇ ಒಂದು ಯೋಜನೆ ಇತ್ತು, ಸಮ್ಮಿಶ್ರ ಸರ್ಕಾರದ ಕಾಲದ್ದು, ತಿಂಗಳು ತಿಂಗಳು ಖಾತೆಗೆ ಬರುತ್ತಿತ್ತು. ನಾನು "ಮಾತೃಶ್ರೀ ಅರ್ಜಿ ಕೊಡಿ ಟೀಚರ್" ಅಂದೆ. ಅಂಗನವಾಡಿ ಟೀಚರ್ ನಕ್ಕರು. "ಆ ಸರ್ಕಾರ ಹೋಯ್ತು, ಅದೂ ಹೋಯ್ತು." ನಮ್ಮ ಕಡೆ ಈಗಲೂ ಈ ಎರಡನ್ನೂ ಕಲಸಿಕೊಂಡು ಮಾತಾಡುವವರಿದ್ದಾರೆ. ಹೋಗಿ ಕೇಳುವಾಗ 'ಮಾತೃವಂದನಾ' ಅಂತಲೇ ಕೇಳಿ.

ಟೀಚರ್ ಕೇಳಿದ್ದು ಆಧಾರ್, ತಾಯಿ ಕಾರ್ಡ್, ನನ್ನದೇ ಹೆಸರಿನ ಪಾಸ್‌ಬುಕ್ಕು, ರೇಷನ್ ಕಾರ್ಡು. ಕೊನೆಯದರಲ್ಲಿ ಸಿಕ್ಕಿಬಿದ್ದೆ. ನನ್ನ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇತ್ತು. ಅಲ್ಲಿ ತೆಗೆಸದೆ ಇಲ್ಲಿ ಸೇರಿಸಲು ಬರುವುದಿಲ್ಲ. ಸೇರಿಸುವ ಅವಕಾಶ ಯಾವಾಗ ಬಿಡುತ್ತಾರೋ ದೇವರಿಗೇ ಗೊತ್ತು. ಬಿಟ್ಟ ದಿನ ಸರ್ವರ್ ಸಿಗುವುದಿಲ್ಲ. ಅದರ ಮೇಲೆ, ಆ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದು ಮಾಡುವ ಗದ್ದಲ ಎದ್ದು, ವಿರೋಧ ಬಂದು, ರದ್ದಾದವನ್ನು ವಾಪಸು ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. ಆ ಗಲಾಟೆಯಲ್ಲಿ ಹೊಸ ಹೆಸರು ಸೇರಿಸುವವರನ್ನು ಕೇಳುವವರೇ ಇರಲಿಲ್ಲ. ಮೂರು ಸಲ ತಾಲೂಕು ಕೇಂದ್ರಕ್ಕೆ ಹೋಗಿ ಬಂದೆ. ಶಕ್ತಿ ಯೋಜನೆ ಇದ್ದದ್ದರಿಂದ ನನ್ನ ಟಿಕೆಟ್ಟಿಗೆ ಕಾಸಿಲ್ಲ, ಜೊತೆಗೆ ಬಂದ ಯಜಮಾನರದ್ದಕ್ಕೆ ಮಾತ್ರ. ಆದರೆ ಅವರು ಗೂಡ್ಸ್ ಆಟೋ ಓಡಿಸುವವರು, ಒಂದು ದಿನ ನಿಂತರೆ ಒಂದು ದಿನದ ಸಂಪಾದನೆ ಹೋಯಿತು. ಒಬ್ಬ ಸೈಬರ್‌ನವನು "ಐನೂರು ಕೊಡಿ ಮೇಡಂ, ಎಲ್ಲಾ ನಾನೇ ಮಾಡಿಸ್ತೀನಿ" ಅಂದ. ಕೊಡಲಿಲ್ಲ.

ಇಲ್ಲೇ ಹೇಳಿಬಿಡುತ್ತೇನೆ, ನನಗೆ ಒಂದೂವರೆ ತಿಂಗಳು ತಡವಾಗಿ ಗೊತ್ತಾದದ್ದು. ಬಿಪಿಎಲ್ ಕಾರ್ಡೇ ಆಗಬೇಕೆಂದಿಲ್ಲ. 2022ರ ಏಪ್ರಿಲ್‌ನಿಂದ ನಡೆಯುತ್ತಿರುವ ಹೊಸ ನಿಯಮದಲ್ಲಿ ಅರ್ಹತೆಗೆ ಒಂದು ಪಟ್ಟಿಯೇ ಇದೆ. ಪರಿಶಿಷ್ಟ ಜಾತಿ ಅಥವಾ ಪಂಗಡ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಇ-ಶ್ರಮ್ ಕಾರ್ಡು, ಆಯುಷ್ಮಾನ್, ಕಿಸಾನ್ ಸಮ್ಮಾನ್ ಪಡೆಯುವ ರೈತ ಮಹಿಳೆ, ಇಲ್ಲವೇ ವರ್ಷಕ್ಕೆ ಎಂಟು ಲಕ್ಷಕ್ಕಿಂತ ಕಡಿಮೆ ಕುಟುಂಬ ಆದಾಯ. ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಆಯಿತು. ಎಂಟು ಲಕ್ಷ! ನಮ್ಮ ಊರಿನಲ್ಲಿ ಅದಕ್ಕಿಂತ ಹೆಚ್ಚು ಆದಾಯ ಇರುವ ಮನೆ ಎಷ್ಟಿದ್ದಾವು? ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ, ಒಂದು ವಾರಕ್ಕೆ ಬಂತು. ಈ ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ! ಬಿಪಿಎಲ್ ಅನ್ನುವ ಮೂರಕ್ಷರ ನಮ್ಮ ತಲೆಯಲ್ಲಿ ಎಷ್ಟು ಕೂತಿದೆ ಅಂದರೆ, ಟೀಚರ್‌ಗೂ ಮೊದಲು ಬಾಯಿಗೆ ಬಂದದ್ದು ಅದೇ.

ಸುಮ್ಮನೆ ಕೂತು ಯೋಚಿಸಿದರೆ ಈ ಪಟ್ಟಿಯೇ ಇರಬೇಕಾಗಿರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ನಾಲ್ಕನೇ ಸೆಕ್ಷನ್ ಓದಿ ನೋಡಿ. ಸರ್ಕಾರಿ ನೌಕರಿಯಲ್ಲೋ ಬೇರೆ ಹೆರಿಗೆ ಸವಲತ್ತು ಇರುವಲ್ಲೋ ದುಡಿಯುವವರನ್ನು ಬಿಟ್ಟು ಗರ್ಭಿಣಿ, ಬಾಣಂತಿಯರಿಗೆ ಊಟ, ಜೊತೆಗೆ ಆರು ಸಾವಿರಕ್ಕೆ ಕಡಿಮೆ ಇಲ್ಲದ ಹಣ ಅಂತ ಅಲ್ಲಿದೆ. 2017ರಲ್ಲಿ ಯೋಜನೆ ಬಂದಾಗ ಅದು ಐದು ಸಾವಿರವಾಗಿತ್ತು, ಅದೂ ಮೊದಲ ಮಗುವಿಗೆ ಮಾತ್ರ. ಈಗ ಎರಡನೆಯದು ಹೆಣ್ಣಾದರೆ ಆರು ಸಾವಿರ, ಗಂಡಾದರೆ ಇಲ್ಲ. ಹಸಿವು ಮೊದಲನೇ ಬಸುರಿಗೂ ಎರಡನೇ ಬಸುರಿಗೂ ಬೇರೆಯಾ? ನನ್ನ ತವರು ಚಾಮರಾಜನಗರದ ಕಡೆ. ಚಿಕ್ಕಪ್ಪನ ಮಗಳನ್ನು ದಿಂಬಂ ಘಟ್ಟದ ಆಚೆ ಸತ್ಯಮಂಗಲಕ್ಕೆ ಕೊಟ್ಟಿದೆ. ತಮಿಳುನಾಡಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಅವಳಿಗೆ ಒಟ್ಟು ಹದಿನೆಂಟು ಸಾವಿರ, ಹದಿನಾಲ್ಕು ನಗದು, ಉಳಿದದ್ದು ಪೌಷ್ಟಿಕ ಆಹಾರದ ಕಿಟ್ಟು. ಕೇಂದ್ರದ ಪಾಲಿಗೆ ಅಲ್ಲಿನ ಸರ್ಕಾರ ತನ್ನದನ್ನೂ ಸೇರಿಸಿ ಕೊಡುತ್ತದೆ. ಘಟ್ಟ ಇಳಿದರೆ ಬಸುರಿಯ ಬೆಲೆ ಮೂರೂವರೆ ಪಟ್ಟು.

ಸರಿ, ಜನವರಿಗೆ ಬರೋಣ. ಅರ್ಜಿ ತುಂಬಲು ತಾಯಿ ಕಾರ್ಡಿನ ಹನ್ನೆರಡು ಅಂಕಿಯ ಆರ್‌ಸಿಎಚ್ ನಂಬರ್, ಅಂದರೆ ಆರೋಗ್ಯ ಇಲಾಖೆಯ ಗರ್ಭಿಣಿ ನೋಂದಣಿ ಸಂಖ್ಯೆ ಬೇಕು. ನನ್ನ ಕಾರ್ಡಿನಲ್ಲಿ ಆ ಜಾಗ ಖಾಲಿ. ಆಶಾ ಅಕ್ಕನಿಗೆ ಫೋನ್ ಮಾಡಿದರೆ ಹಿಂದೆ ಘೋಷಣೆ ಕೂಗುವ ಸದ್ದು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿದ್ದರು. ಜನವರಿ 7ರಿಂದ ರಾಜ್ಯದ ಆಶಾಗಳೆಲ್ಲ ಅಲ್ಲಿ ಕೂತಿದ್ದರಲ್ಲ, ತಿಂಗಳಿಗೆ ಇಷ್ಟು ಅಂತ ಗೌರವಧನ ಖಾತ್ರಿ ಮಾಡಿ ಅಂತ. "ಚಳಿ ಕಣಮ್ಮ, ಬಂದ್ಮೇಲೆ ನೋಡ್ತೀನಿ" ಅಂದರು. ನಿಜ ಹೇಳಬೇಕೆಂದರೆ ಆಗ ಸಿಟ್ಟೇ ಬಂತು. 10ನೇ ತಾರೀಕು ಮುಖ್ಯಮಂತ್ರಿ ಭರವಸೆ ಕೊಟ್ಟು ಧರಣಿ ಮುಗಿಯಿತು. ಅಕ್ಕ ಕೆಮ್ಮುತ್ತಾ ಬಂದರು, ಉಪಕೇಂದ್ರದ ಸಿಸ್ಟರ್ ಹತ್ತಿರ ಕೂತು ನಂಬರ್ ಹಾಕಿಸಿಕೊಟ್ಟರು. ತಾಯಿ ಕಾರ್ಡ್ ಕೈಗೆ ಬಂದ ಕೂಡಲೇ ಆ ನಂಬರ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಎದ್ದು ಬರಬೇಡಿ.

ನನಗೆ ಆತುರ ಯಾಕಿತ್ತು ಅಂದರೆ, ಮೊದಲ ಕಂತಿಗೆ ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಹೆಸರು ನೋಂದಾಯಿಸಿ ಒಂದು ತಪಾಸಣೆಯಾದರೂ ಆಗಿರಬೇಕು. ಅದು ನನಗೆ ನವೆಂಬರಿನಲ್ಲೇ ಆಗಿತ್ತು. ಆದರೂ ನಂಬರ್ ಇಲ್ಲದ ಕಾರ್ಡನ್ನು ಆಮೇಲೆ ಒಪ್ಪದಿದ್ದರೆ ಅನ್ನುವ ದಿಗಿಲು.

ಫೆಬ್ರವರಿ ಮೊದಲ ವಾರ ಟೀಚರ್ ತಮ್ಮ ಮೊಬೈಲಿನಲ್ಲಿ ಅರ್ಜಿ ತುಂಬಿದರು. ಮೂರು ದಿನ ಆ ಚಕ್ರ ತಿರುಗುತ್ತಲೇ ಇತ್ತು. ನಾಲ್ಕನೇ ದಿನ ಹೋಯಿತು. ಆಮೇಲೆ ಎರಡು ವಾರ ಸದ್ದಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಹೋದಾಗ ಟೀಚರ್ ಮೇಲೆ ರೇಗಿಬಿಟ್ಟೆ. "ನೀವು ಕಳಿಸಿದ್ದೀರೋ ಇಲ್ವೋ?" ಅಂತ, ಬೇರೆ ಬಸುರಿಯರ ಎದುರಿಗೇ.

ಅವರು ತಿರುಗಿ ಬೈಯಲಿಲ್ಲ. ತಮ್ಮ ಬ್ಯಾಗು ತಂದು ನನ್ನ ಮುಂದೆ ಬಿಚ್ಚಿದರು. ಮತದಾರರ ಪಟ್ಟಿಯ ಹಾಳೆಗಳು, ಯಾಕೆಂದರೆ ನಮ್ಮ ಬೂತಿಗೆ ಅವರೇ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಅಂತ ಹೆಂಗಸರು ಕೊಟ್ಟ ಆಧಾರ್ ಜೆರಾಕ್ಸುಗಳ ಒಂದು ಕಟ್ಟು. ರಬ್ಬರ್ ಬ್ಯಾಂಡ್ ಹಾಕಿದ ಮೊಟ್ಟೆ ಅಂಗಡಿಯ ಚೀಟಿಗಳು. ಒಂದು ಚೀಟಿ ಎತ್ತಿ ತೋರಿಸಿದರು. "ಸರ್ಕಾರ ಕೊಡೋದು ಮೊಟ್ಟೆಗೆ ಆರು ರೂಪಾಯಿ. ಅಂಗಡಿಯವ ಏಳು ತಗೊಂಡ. ಆ ಆರೂ ಇನ್ನೂ ಬಂದಿಲ್ಲ. ಬಾಲ ವಿಕಾಸ ಸಮಿತಿ ಅಧ್ಯಕ್ಷೆ ಸೈನ್ ಇಲ್ದೆ ನಾನೊಬ್ಬಳೇ ದುಡ್ಡು ತೆಗೆಯಂಗಿಲ್ಲ, ಅವಳು ತವರಿಗೆ ಹೋಗವಳೆ. ನೀನು ತಿಂತಿರೋ ಮೊಟ್ಟೆ ನನ್ನ ಸಾಲದ್ದು ಕಣಮ್ಮ." ತಟ್ಟೆಯಲ್ಲಿ ಅನ್ನ, ಸಾಂಬಾರು, ಪಲ್ಯ, ಪಕ್ಕದಲ್ಲಿ ಅರ್ಧ ತಿಂದ ಮೊಟ್ಟೆ. ಬಾಯಿಗೆ ಹೋಗಲಿಲ್ಲ. ಆಯಮ್ಮ ಬಂದು "ತಿನ್ನವ್ವ, ಬಿಸಾಕ್ಬೇಡ" ಅಂದರು.

ಮೊಟ್ಟೆ ಅಂದಾಗ ನೆನಪಾಯಿತು. 2021ರ ಡಿಸೆಂಬರಿನಲ್ಲಿ ಬೀದರ್, ಯಾದಗಿರಿಯಂಥ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಮಠಾಧೀಶರ ವಿರೋಧ, ಪರ ವಿರೋಧದ ಚರ್ಚೆ ಎಷ್ಟು ನಡೆಯಿತು! ಕೊಡಬೇಕೋ ಬೇಡವೋ ಅಂತ ಅಷ್ಟೊಂದು ಮಾತಾಡಿದವರಲ್ಲಿ ಒಬ್ಬರಾದರೂ ಆ ಏಳನೇ ರೂಪಾಯಿ ಯಾರು ಕೊಡುತ್ತಾರೆ ಅಂತ ಕೇಳಿದ್ದು ನನಗೆ ನೆನಪಿಲ್ಲ. ನಮ್ಮಂಥ ಗರ್ಭಿಣಿಯರ ಊಟಕ್ಕೆ ದಿನಕ್ಕೆ ಒಂಬತ್ತೂವರೆ ರೂಪಾಯಿ ಅಂತ ಕೇಂದ್ರ ದರ ಕಟ್ಟಿದ್ದು 2017ರಲ್ಲಿ. ಕರ್ನಾಟಕ ತನ್ನ ಕೈಯಿಂದ ಸೇರಿಸಿದ್ದರಿಂದಲೇ ನಮಗೆ ಮೊಟ್ಟೆ, ಹಾಲು, ಚಿಕ್ಕಿ. ಆ ಮಟ್ಟಿಗೆ ನಮ್ಮ ರಾಜ್ಯದ್ದು ದೊಡ್ಡ ಕೈಯೇ, ಒಪ್ಪೋಣ.

ಅವತ್ತು ಟೀಚರ್ ಹೇಳಿಕೊಟ್ಟ ಒಂದು ಮಾತು ಈ ಬರಹದಲ್ಲೆಲ್ಲ ಮುಖ್ಯವಾದದ್ದು. "ಅರ್ಜಿ ಏನಾಯ್ತು ಅಂತ ಕೇಳ್ಬೇಡ. ಯಾರ ಲಾಗಿನ್‌ನಲ್ಲಿದೆ ಅಂತ ಕೇಳು." ಅರ್ಜಿ ತುಂಬುವುದು ಟೀಚರ್, ಪರಿಶೀಲಿಸುವುದು ಮೇಲ್ವಿಚಾರಕಿ, ಮಂಜೂರು ಮಾಡುವುದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಮೂರು ಮೆಟ್ಟಿಲು. ನನ್ನದು ಎರಡನೆಯದರಲ್ಲಿ ಕೂತಿತ್ತು. ನಮ್ಮ ವೃತ್ತದ ಮೇಲ್ವಿಚಾರಕಿ ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿಲ್ಲ. ಪಕ್ಕದ ವೃತ್ತದವರಿಗೆ ಪ್ರಭಾರ. ಅವರಿಗೆ ತಮ್ಮದೇ ಕೆಲಸ ಸಾಲದೆ ನಮ್ಮದೂ ತಲೆ ಮೇಲೆ.

ಆಫೀಸಿಗೆ ಹೋದೆ. ಕಾರಿಡಾರಿನ ತುಂಬ ಗೃಹಲಕ್ಷ್ಮಿಯವರು. ತಿಂಗಳಿಗೆ ಎರಡು ಸಾವಿರದ ಆ ಯೋಜನೆ ನಡೆಸುವುದೂ ಇದೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಅದೇ ಕುರ್ಚಿ, ಅದೇ ಕಂಪ್ಯೂಟರ್. ನಮ್ಮ ಅತ್ತೆಗೂ ಅದು ಬರುತ್ತೆ, ಬೇಡ ಅನ್ನಲ್ಲ. ಆದರೆ ಕೆಲಸ ದುಪ್ಪಟ್ಟಾದಾಗ ಜನರನ್ನೂ ಹೆಚ್ಚಿಸಬೇಕಲ್ಲವೇ? ಕಂಪ್ಯೂಟರಿನ ಹುಡುಗ ನನ್ನ ಹೊಟ್ಟೆ ನೋಡಿ ಕುರ್ಚಿ ಕೊಟ್ಟ. ಎರಡೂವರೆ ಗಂಟೆ ಕೂತೆ. "ಮೇಡಂ ಮೀಟಿಂಗ್‌ನಲ್ಲಿದ್ದಾರೆ, ಬಜೆಟ್ ಟೈಮು" ಅಂದ. ನನ್ನ ಅರ್ಜಿ ಸಂಖ್ಯೆ ಬರೆದ ಚೀಟಿ ಕೊಟ್ಟು ಬಂದೆ. ಇದೂ ಮಾಡಿ: ಅರ್ಜಿ ಸಂಖ್ಯೆಯನ್ನು ಟೀಚರ್ ಹತ್ತಿರ ಬರೆಸಿಕೊಳ್ಳಿ, ಬರೀ ಹೆಸರು ಹೇಳಿದರೆ ಯಾರೂ ಹುಡುಕಲ್ಲ. ಸಹಾಯವಾಣಿ 14408 ಇದೆ. ನಮ್ಮದೇ ಮೊಬೈಲಿನಿಂದ ನೇರವಾಗಿ ಅರ್ಜಿ ಹಾಕುವ ದಾರಿಯೂ ಇದೆ ಅಂತ ನನಗೆ ಗೊತ್ತಾದದ್ದು ಆಮೇಲೆ.

ಮಾರ್ಚ್ 7ಕ್ಕೆ ಬಜೆಟ್. ಅಂಗನವಾಡಿ ಕಾರ್ಯಕರ್ತೆಯರಿಗೆ ಸಾವಿರ, ಸಹಾಯಕಿಯರಿಗೆ ಏಳುನೂರ ಐವತ್ತು ರೂಪಾಯಿ ಗೌರವಧನ ಏರಿಕೆ ಅಂತ ಟಿವಿಯಲ್ಲಿ ಬಂತು. ಟೀಚರ್‌ಗೆ ಹೇಳಿದರೆ "ಕೈಗೆ ಬರ್ಲಿ ಬುಡು" ಅಂದರು. ಅದರ ಮುಂದಿನ ವಾರ ನನ್ನ ಅರ್ಜಿ ಮಂಜೂರಾಯಿತು. ಏಪ್ರಿಲ್‌ನಲ್ಲಿ ಮೂರು ಸಾವಿರ ಜಮಾ ಅಂತ ಮೆಸೇಜ್.

ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಇಲ್ಲ. ನಾಲ್ಕು ದಿನ ಬಿಟ್ಟು ಹೋದರೂ ಇಲ್ಲ. ಆನ್‌ಲೈನಿನಲ್ಲಿ ನೋಡಿದರೆ 'ಪಾವತಿಯಾಗಿದೆ'. ಯಜಮಾನರು ಯಾರೋ ತಿಂದುಬಿಟ್ಟರು ಅಂತಲೇ ತೀರ್ಮಾನ ಮಾಡಿ ಜಗಳಕ್ಕೆ ಹೊರಟಿದ್ದರು. ಆಗಿದ್ದೇನೆಂದರೆ, ಈ ಹಣ ನಾವು ಬರೆದುಕೊಟ್ಟ ಖಾತೆ ಸಂಖ್ಯೆಗೆ ಬರುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತೆ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆಗೆದಿದ್ದ, ನಾನೇ ಮರೆತಿದ್ದ ಒಂದು ಖಾತೆಗೆ ಹೋಗಿ ಕೂತಿತ್ತು. ಅದು ತವರಿನ ಹತ್ತಿರದ ಬ್ಯಾಂಕು, ಬಳಕೆ ಇಲ್ಲದೆ ಸ್ಥಗಿತವಾಗಿತ್ತು. ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಹೋಗಿ ಮತ್ತೆ ಕೆವೈಸಿ ಕೊಟ್ಟು ಬಿಡಿಸಿಕೊಂಡೆ. ಅರ್ಜಿ ಹಾಕುವ ಮೊದಲು ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ಯಾವುದಕ್ಕಿದೆ ಅಂತ ನೋಡಿಬಿಡಿ. ಎರಡು ನಿಮಿಷದ ಕೆಲಸ. ಆಧಾರಿಗೆ ಈಗಿನ ಮೊಬೈಲ್ ನಂಬರ್ ಜೋಡಿಸಿರಬೇಕು, ಇಲ್ಲದಿದ್ದರೆ ಒಟಿಪಿ ಬರಲ್ಲ.

ಜೂನ್ ಎರಡನೇ ವಾರ ತವರಿನಲ್ಲಿ ಹೆರಿಗೆಯಾಯಿತು. ಸರ್ಕಾರಿ ಆಸ್ಪತ್ರೆ, ಸಹಜ ಹೆರಿಗೆ, ಹೆಣ್ಣು ಮಗು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಯೋಜನೆ ಬರೆದವರೊಬ್ಬರನ್ನು ಬಿಟ್ಟು. ಮಾತೃಪೂರ್ಣದ ಊಟ ಹೆರಿಗೆಯಾಗಿ ಆರು ತಿಂಗಳವರೆಗೆ ಇದೆ, ಆದರೆ ಕೇಂದ್ರಕ್ಕೆ ಬಂದು ಕೂತು ಉಣ್ಣಬೇಕು. ಯಾವ ತಾಯಿ ಹಸಿ ಬಾಣಂತಿಯನ್ನು ತಲೆಗೆ ಬಟ್ಟೆ ಕಟ್ಟಿ ಹೊರಗೆ ಕಳಿಸುತ್ತಾಳೆ? ನಮ್ಮವ್ವ ಕ್ಯಾರಿಯರ್ ಹಿಡಿದು ಹೋದಳು. ಅಲ್ಲಿನ ಟೀಚರ್ "ಹೆಸರು ಗಂಡನ ಊರಲ್ಲಿದೆ, ಇಲ್ಲಿಗೆ ವರ್ಗ ಆಗ್ಬೇಕು" ಅಂದರು. ಜುಲೈ 9ಕ್ಕೆ ವರ್ಗ ಮಾಡಿಸೋಣ ಅಂತ ಫೋನ್ ಮಾಡಿದರೆ ನಮ್ಮ ಟೀಚರ್ ಅಖಿಲ ಭಾರತ ಮುಷ್ಕರದಲ್ಲಿ. ಈ ಸಲ ನನಗೆ ಸಿಟ್ಟು ಬರಲಿಲ್ಲ. ವರ್ಗ ಆಗುವ ಹೊತ್ತಿಗೆ ಶ್ರಾವಣ. ಅಲ್ಲಿಯವರೆಗೆ ಅವ್ವನ ಸಾರೇ ಮಾತೃಪೂರ್ಣ. ತವರಿಗೆ ಹೊರಡುವ ಮೊದಲೇ ಟೀಚರ್‌ಗೆ ಹೇಳಿ ಇದನ್ನು ಮುಗಿಸಿಕೊಳ್ಳಿ.

ಎರಡನೇ ಕಂತಿಗೆ ಜನನ ನೋಂದಣಿ ಮತ್ತು ಹದಿನಾಲ್ಕನೇ ವಾರದವರೆಗಿನ ಲಸಿಕೆ ಬೇಕು. ಲಸಿಕೆ ಸೆಪ್ಟೆಂಬರಿಗೆ ಮುಗಿಯಿತು. ಆದರೆ ಹಾಕಿಸಿದ್ದೆಲ್ಲ ತವರಿನ ಉಪಕೇಂದ್ರದಲ್ಲಿ, ಗಂಡನ ಊರಿಗೆ ಬಂದು ಕೇಳಿದರೆ ದಾಖಲೆ ಕಾಣದು. ಕೈಯಲ್ಲಿ ತಾಯಿ ಕಾರ್ಡ್ ಇತ್ತು, ಪ್ರತಿ ಸೂಜಿಗೂ ಸಿಸ್ಟರ್ ತಾರೀಕು ಹಾಕಿ ಸೈನ್ ಮಾಡಿದ್ದರು, ಅದೊಂದೇ ನನ್ನನ್ನು ಉಳಿಸಿದ್ದು. ಮನೆಯಲ್ಲಿ ಮಳೆ ಸೋರಿದರೆ ಮೊದಲು ಆ ಕಾರ್ಡು ಎತ್ತಿಡಿ. ಅದನ್ನು ಕಂಪ್ಯೂಟರಿಗೆ ಹತ್ತಿಸುವ ಹೊತ್ತಿಗೆ ಸೆಪ್ಟೆಂಬರ್ 22ರಿಂದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಗಿ ಊರಲ್ಲೆಲ್ಲ ಅದೇ ಓಡಾಟ, ಆಶಾ ಅಕ್ಕನೂ ಸಿಗಲೊಲ್ಲರು. ಅಕ್ಟೋಬರ್ ಕೊನೆಗೆ ಅರ್ಜಿ ಹೋಯಿತು. ಈ ಸಲ ನಾನು ವಾರಕ್ಕೊಮ್ಮೆ ಕೇಳುತ್ತಿದ್ದದ್ದು ಒಂದೇ ಮಾತು, ಯಾರ ಲಾಗಿನ್‌ನಲ್ಲಿದೆ? ಡಿಸೆಂಬರಿಗೆ ಹಣ ಬಂತು, ಸರಿಯಾದ ಖಾತೆಗೇ.

ಒಟ್ಟು ಖರ್ಚು ನೋಡಿದರೆ ಜೆರಾಕ್ಸು, ಫೋಟೋ, ಪ್ರಮಾಣಪತ್ರ, ಯಜಮಾನರ ಟಿಕೆಟ್ಟು ಸೇರಿ ಎಂಟುನೂರು ದಾಟಿಲ್ಲ. ಆಟೋ ನಿಲ್ಲಿಸಿದ ಆರು ದಿನದ ಸಂಪಾದನೆ ಲೆಕ್ಕ ಹಾಕಿದರೆ ಮೂರು ಸಾವಿರದ ಕಂತು ಅಲ್ಲಿಗೇ ಹೋಯಿತು.

ಅದೇ ವಾರ ಮಗುವಿಗೆ ಆರು ತಿಂಗಳು ತುಂಬಿತು. ಅದಕ್ಕೆ ಪುಷ್ಟಿ ಪೊಟ್ಟಣ ತರಲು ಅಂಗನವಾಡಿಗೆ ಹೋದೆ. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈ 1ರಿಂದ ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ತೋರಿಸುವುದು ಕಡ್ಡಾಯವಾಗಿದೆ. ಟೀಚರ್ ಮೊಬೈಲ್ ಎತ್ತಿ ಹಿಡಿದರು. "ಕಣ್ಣು ಮಿಟುಕಿಸು." ಮಿಟುಕಿಸಿದೆ. ಹೊಂದಿಕೆಯಾಗಲಿಲ್ಲ. ಆಧಾರಿನ ಫೋಟೋದಲ್ಲಿ ನಾನು ಪಿಯುಸಿ ಹುಡುಗಿ, ಈಗ ಕಣ್ಣ ಕೆಳಗೆ ಕಪ್ಪು. ಕಿಟಕಿ ಹತ್ತಿರ ನಿಂತೆ, ಆಗಲಿಲ್ಲ. ಹೊರಗೆ ಹುಣಸೆ ಮರದ ಹತ್ತಿರ ಬಂದೆವು, ಅಲ್ಲಿ ನೆಟ್‌ವರ್ಕೂ ಸಿಗುತ್ತೆ. ಮಗು ಮೊಬೈಲಿಗೆ ಕೈ ಹಾಕಿತು, ಆಯಮ್ಮ ಎತ್ತಿಕೊಂಡರು. ಜೊತೆಗೆ ಬಂದಿದ್ದ ಅತ್ತೆ ಜಗಲಿ ಮೇಲೆ ಕೂತು, ಏನೂ ಹೇಳದೆ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನಾಲ್ಕನೇ ಸಲಕ್ಕೆ ಹಸಿರು ಗುರುತು ಬಂತು.

ಪೊಟ್ಟಣ ಎತ್ತಿಕೊಂಡು ಹೊರಟವಳನ್ನು ಟೀಚರ್ ತಡೆದರು. ಹಳೇ ಉದ್ದನೆಯ ರಿಜಿಸ್ಟರ್ ತೆಗೆದು, ಸಾಲು ಹುಡುಕಿ, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡೇ ಅಂದರು, "ಆ್ಯಪ್‌ನಲ್ಲಿ ಬಂದಿದ್ದು ಬರ್ಲಿ, ನೀನು ಇಲ್ಲೊಂದು ಸೈನ್ ಹಾಕ್ಬುಡವ್ವ."